ಕಾಫಿ ದುಡ್ಡು ಬರುವ ತಿಂಗಳು, ವೀಸಾ ದುಡ್ಡು ಕಟ್ಟುವ ತಿಂಗಳು: ಕೊಡಗಿನಿಂದ ಜರ್ಮನಿಗೆ ಹೋದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ವಿರಾಜಪೇಟೆ ತಾಲ್ಲೂಕಿನ ಒಂದು ಊರು. ಆರು ಎಕರೆ ತೋಟ, ಬಹುಪಾಲು ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮನೆಯ ಕೆಳಗೆ ಒಂದೂವರೆ ಎಕರೆ ಗದ್ದೆ. ಮನೆಯ ಮಗಳು 2024ರಲ್ಲಿ ಎಂಜಿನಿಯರಿಂಗ್ ಮುಗಿಸಿದ್ದಳು, ವಯಸ್ಸು 23. 2025ರ ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಜರ್ಮನಿಯ ಸ್ಯಾಕ್ಸನಿ ರಾಜ್ಯದಲ್ಲಿ, ನೀರು ಮತ್ತು ಪರಿಸರಕ್ಕೆ ಸಂಬಂಧಿಸಿದ ಮಾಸ್ಟರ್ಸ್ ಓದಲು ಹೋಗಬೇಕೆಂಬುದು ಅವಳ ಆಸೆ. ಹೋದಳು ಕೂಡ. ಆದರೆ ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳಲ್ಲಿ ಐದು ಕಡೆ ಎಡವಿದಳು. ಇವುಗಳಲ್ಲಿ ನಾಲ್ಕನ್ನು ಫೆಬ್ರುವರಿಯಲ್ಲೇ ತಪ್ಪಿಸಬಹುದಿತ್ತು. ಕುಟುಂಬದ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ಆ ಎಡವಟ್ಟುಗಳನ್ನು ಇಲ್ಲಿ ಬಿಡಿಸಿಡಲಾಗಿದೆ.

ಓದಿನ ಕಡೆಯಿಂದ ತೊಂದರೆಯೇ ಇರಲಿಲ್ಲ. ಭಾರತೀಯ ವಿದ್ಯಾರ್ಥಿಗಳಿಗೆ ಜರ್ಮನ್ ವೀಸಾ ಬೇಕಾದರೆ 2022ರ ನವೆಂಬರ್ 1ರಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯಲ್ಲಿ ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. ಅವಳು ನವೆಂಬರಿನಲ್ಲೇ ಅರ್ಜಿ ಹಾಕಿದ್ದಳು, ಜನವರಿಯಲ್ಲಿ ಪತ್ರ ಬಂತು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮುಗಿದಿತ್ತು. ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ಹೊರದೇಶದವರ ಅರ್ಜಿ ಸ್ವೀಕರಿಸುವ ಯುನಿ-ಅಸಿಸ್ಟ್ ಮೂಲಕ ನಾಲ್ಕು ಕಡೆ ಅರ್ಜಿ ಹೋಗಿತ್ತು. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೂ 30, ಒಟ್ಟು 165 ಯೂರೋ. ಜೂನ್ ಎರಡನೇ ವಾರ ಪ್ರವೇಶಪತ್ರ ಕೈಸೇರಿತು. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಸುಮಾರು 300 ಯೂರೋ ವಂತಿಗೆ ಮಾತ್ರ. (ಎಲ್ಲ ಕಡೆ ಹೀಗಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು.) ಮನೆಯಲ್ಲಿ ಸಂಭ್ರಮ. ಮಳೆ ಹಿಡಿದದ್ದೂ ಅದೇ ವಾರ.

ದುಡ್ಡಿನ ಗಂಟು

ಬೋಧನಾ ಶುಲ್ಕ ಇಲ್ಲವೆಂದರೆ ದುಡ್ಡು ಬೇಡವೆಂದಲ್ಲ. ಒಂದು ವರ್ಷ ಅಲ್ಲಿ ಬದುಕಲು ಸಾಕಾಗುವಷ್ಟು ಹಣ ಇದೆಯೆಂದು ವೀಸಾ ಅರ್ಜಿಯಲ್ಲೇ ತೋರಿಸಬೇಕು. ಇದಕ್ಕೆ ಹೆಚ್ಚಿನವರು ಹಿಡಿಯುವ ದಾರಿ ಬ್ಲಾಕ್ಡ್ ಅಕೌಂಟ್, ಜರ್ಮನ್ ಭಾಷೆಯಲ್ಲಿ ಸ್ಪೆರ್‌ಕೊಂಟೊ. ಅದರಲ್ಲಿ 11,904 ಯೂರೋ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಮಗೇ ವಾಪಸು ಬರುತ್ತದೆ. ಆದರೆ ಇಡುವಾಗ ಅರ್ಧಂಬರ್ಧ ಹಣ ಸಾಲದು, ಪೂರ್ತಿ ಮೊತ್ತ ಸೇರಿದರೆ ಮಾತ್ರ ದೃಢೀಕರಣ ಪತ್ರ ಸಿಗುತ್ತದೆ.

ಈಗ ತೋಟದ ಲೆಕ್ಕ ನೋಡಿ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸು. ಕಣದಲ್ಲಿ ಒಣಗಿಸಿ ಚೆರಿ (ಸಿಪ್ಪೆಸಮೇತ ಒಣಗಿದ ಕಾಫಿ) ಮಾರಿದರೆ ಮಾರ್ಚ್, ಏಪ್ರಿಲ್‌ನಲ್ಲಿ ಕೈತುಂಬ ದುಡ್ಡು. ಬೆಳೆಸಾಲ ತೀರಿಸುವುದು, ಗೊಬ್ಬರ, ಮರಗಸಿ, ಕಳೆ, ಮೆಣಸಿಗೆ ಬೋರ್ಡೊ ಸಿಂಪಡಣೆ ಎಂದು ಜೂನ್ ಹೊತ್ತಿಗೆ ಅದು ಕರಗಿರುತ್ತದೆ. ಕೊಡಗಿನ ಬೆಳೆಗಾರನ ಕೈ ವರ್ಷದಲ್ಲಿ ಅತಿ ಬಿಗಿಯಾಗಿರುವ ತಿಂಗಳು ಜುಲೈ. ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಹೋಗುವವರು ಹನ್ನೆರಡು ಲಕ್ಷ ಒಟ್ಟಿಗೆ ಇಡಬೇಕಾದ ತಿಂಗಳೂ ಅದೇ. ಈ ಪ್ರಕರಣದ ಎಲ್ಲ ಕಷ್ಟದ ಬೇರು ಇಲ್ಲಿದೆ.

ಇನ್ನೊಂದು ಏಟು ವಿನಿಮಯ ದರದ್ದು. 2025ರ ಫೆಬ್ರುವರಿಯಲ್ಲಿ ಯೂರೋ 90 ರೂಪಾಯಿಯ ಆಸುಪಾಸಿನಲ್ಲಿತ್ತು. ಜುಲೈಯಲ್ಲಿ 100 ದಾಟಿತು. ಅಂದರೆ ಅದೇ 11,904 ಯೂರೋಗೆ ಫೆಬ್ರುವರಿಯಲ್ಲಿ ಹತ್ತು ಮುಕ್ಕಾಲು ಲಕ್ಷ ಸಾಕಿತ್ತು, ಜುಲೈಯಲ್ಲಿ ಹನ್ನೆರಡು ಲಕ್ಷ ಬೇಕಾಯಿತು. ಬ್ಲಾಕ್ಡ್ ಅಕೌಂಟ್ ತೆರೆಯಲು ಪ್ರವೇಶಪತ್ರ ಬರುವವರೆಗೆ ಕಾಯಲೇಬೇಕೆಂದಿಲ್ಲ, ಪಾಸ್‌ಪೋರ್ಟ್ ಇದ್ದರೆ ಎಷ್ಟೋ ಸೇವಾದಾರರು ಮೊದಲೇ ತೆರೆದುಕೊಡುತ್ತಾರೆ. ವೀಸಾ ಸಿಗದಿದ್ದರೆ ಹಣ ವಾಪಸು ಬರುತ್ತದೆ, ಹೋಗುವುದು ಸೇವಾಶುಲ್ಕ ಮತ್ತು ವಿನಿಮಯದ ವ್ಯತ್ಯಾಸ. ಕಾಫಿ ಮಾರಿದ ತಿಂಗಳಲ್ಲೇ, ಪೂರ್ತಿ ಅಲ್ಲದಿದ್ದರೂ ಅರ್ಧವನ್ನಾದರೂ ಈ ಕೆಲಸಕ್ಕೆಂದು ಎತ್ತಿಡಬೇಕಿತ್ತು. ‘ದರ ಇನ್ನೂ ಏರಬಹುದು’ ಎಂದು ಚೀಲ ಕಟ್ಟಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಗಟ್ಟಿ. ಮಗಳೋ ಮಗನೋ ಹೊರಡುವ ವರ್ಷ ಅದನ್ನು ಬಿಡುವುದು ಒಳ್ಳೆಯದು.

ಜಮ್ಮಾ ಜಮೀನು ಮತ್ತು ಬ್ಯಾಂಕು

ಅಪ್ಪ ನಂಬಿಕೊಂಡಿದ್ದದ್ದು ಶಿಕ್ಷಣ ಸಾಲವನ್ನು. ‘ಆರು ಎಕರೆ ತೋಟ ಉಂಟಲ್ಲ, ಹದಿನೈದು ಲಕ್ಷ ಕೊಡದೆ ಇರ್ತಾರಾ?’ ಎಂಬುದು ಅವರ ಲೆಕ್ಕ. ಜೂನ್ 16ಕ್ಕೆ ಅರ್ಜಿ ಹೋಯಿತು. ಜುಲೈ 10ಕ್ಕೆ ಆಗುವುದಿಲ್ಲವೆಂಬ ಉತ್ತರ ಬಂತು. ಇಪ್ಪತ್ತನಾಲ್ಕು ದಿನ ಹೋದದ್ದು ಹೀಗೆ:

ಬ್ಯಾಂಕಿನ ವಕೀಲರು ಮೊದಲು ನೋಡಿದ್ದು ಪಹಣಿ. ತೋಟದ ಹೆಚ್ಚಿನ ಭಾಗ ಜಮ್ಮಾ ಬಾಣೆ, ಅಂದರೆ ಒಕ್ಕಕ್ಕೆ (ಕೊಡವರ ಮನೆತನಕ್ಕೆ) ತಲೆತಲಾಂತರದಿಂದ ಒಟ್ಟಾಗಿ ಬಂದ ಜಮೀನು. ಒಂಬತ್ತನೇ ಕಾಲಮ್ಮಿನಲ್ಲಿ ಅಪ್ಪನ ಹೆಸರೊಂದೇ ಇರಲಿಲ್ಲ. ಒಕ್ಕದ ಹಿರಿಯರು ಪಟ್ಟೇದಾರರಾಗಿ (ದಾಖಲೆಯಲ್ಲಿ ಒಕ್ಕದ ಪರವಾಗಿ ಹೆಸರಿರುವವರಾಗಿ), ಅವರ ಜೊತೆ ಹನ್ನೊಂದು ಜನರ ಹೆಸರು. ಅದರಲ್ಲಿ ಮೂವರು ತೀರಿಹೋಗಿದ್ದರು, ಇಬ್ಬರು ಬೆಂಗಳೂರಿನಲ್ಲಿದ್ದರು. ಯಾರ ಪಾಲು ಎಲ್ಲಿಂದ ಎಲ್ಲಿಗೆ ಎಂದು ಊರಿಗೆಲ್ಲ ಗೊತ್ತು, ಬೇಲಿಯೂ ಇದೆ. ಆದರೆ ಆ ಒಳಪಾಲಿಗೆ ನೋಂದಾಯಿತ ವಿಭಾಗಪತ್ರ ಇಲ್ಲ, ಪ್ರತ್ಯೇಕ ಸರ್ವೆ ನಕ್ಷೆಯೂ ಇಲ್ಲ. ಹೀಗಿದ್ದಾಗ ಅಡಮಾನಕ್ಕೆ ಹನ್ನೆರಡೂ ಮಂದಿ ಅಥವಾ ಅವರ ವಾರಸುದಾರರು ಸಹಿ ಹಾಕಬೇಕು. ಹನ್ನೊಂದನೇ ಕಾಲಮ್ಮಿನಲ್ಲಿ ಸಹಕಾರ ಸಂಘದ ಬೆಳೆಸಾಲದ ಋಣವೂ ನಮೂದಾಗಿತ್ತು. ಸಾಲ ತೀರಿಸಿದ್ದರೂ ನಮೂದು ತೆಗೆಸಿರಲಿಲ್ಲ.

ಇವೆಲ್ಲ ಸರಿಯಿದ್ದರೂ ಅಡ್ಡಿ ಬರುತ್ತಿತ್ತು. ಸಾಲ ಮರುಪಾವತಿ ಆಗದಿದ್ದಾಗ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಅದರ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟವನ್ನು ಆಧಾರವಾಗಿ ಹಿಡಿಯಲು ಬ್ಯಾಂಕಿಗೆ ಮನಸ್ಸಿಲ್ಲ. ಪರಿವರ್ತನೆಯಾದ ಮನೆ ನಿವೇಶನ, ಠೇವಣಿ, ವಿಮಾ ಪಾಲಿಸಿ ಇದ್ದರೆ ಕೆಲಸ ಬೇಗ ಆಗುತ್ತದೆ. ಕುಶಾಲನಗರದಲ್ಲಿ ಮೂವತ್ತು–ನಲವತ್ತರ ಒಂದು ಸೈಟಿಗೆ ಇರುವ ಬೆಲೆ ಬಾಣೆಯ ಆರು ಎಕರೆಗೆ ಬ್ಯಾಂಕಿನ ಮೇಜಿನ ಮೇಲೆ ಇಲ್ಲ. ಕೇಳಲು ನೋವಾಗುತ್ತದೆ, ಆದರೆ ಇದನ್ನು ಮೊದಲೇ ತಿಳಿದುಕೊಂಡರೆ ತಿಂಗಳು ಉಳಿಯುತ್ತದೆ.

ಆದಾಯದ ಪುರಾವೆಯಲ್ಲೂ ಇದೇ ಕಥೆ. ಬರೀ ಚೆರಿ ಮಾರುವವರದು ಪೂರ್ತಿ ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಸಲ್ಲಿಸಿದವರೇ ವಿರಳ. ಬ್ಯಾಂಕು ಕೇಳುವುದು ಮೂರು ವರ್ಷದ ರಿಟರ್ನ್ಸ್. ಅದಿಲ್ಲದಿದ್ದಾಗ ನಾಡಕಚೇರಿಯ ಆದಾಯ ಪ್ರಮಾಣಪತ್ರ, ಕಾಫಿ ಮತ್ತು ಮೆಣಸು ಮಾರಿದ ಬಿಲ್ಲುಗಳು, ಆ ಹಣ ಖಾತೆಗೆ ಬಂದ ಪಾಸ್‌ಬುಕ್ ಪುಟಗಳನ್ನು ಜೋಡಿಸಿ ಕೊಡಬೇಕು. ನಗದಾಗಿ ಮಾರಿದ ಚೀಲಕ್ಕೆ ಇಲ್ಲಿ ಲೆಕ್ಕವಿಲ್ಲ.

ದಾರಿ ತೆರೆದದ್ದು ಸೋದರಮಾವನಿಂದ. ಅವರು ಪ್ರೌಢಶಾಲೆ ಶಿಕ್ಷಕರು, ಸಂಬಳದ ಫಾರ್ಮ್ 16 ಇತ್ತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ನಾಲ್ಕು ಲಕ್ಷ ದಾಟಿದರೆ ಮೂರನೆಯವರ ಜಾಮೀನು ಸಾಕು. ಹದಿನೈದು ಲಕ್ಷದ ಅರ್ಜಿ ಹಿಂಪಡೆದು, ಮಾವನ ಜಾಮೀನಿನಲ್ಲಿ ಏಳೂವರೆ ಲಕ್ಷಕ್ಕೆ ಬೇರೆ ಶಾಖೆಯಲ್ಲಿ ಹೊಸ ಅರ್ಜಿ ಕೊಟ್ಟರು. ಅಲ್ಲಿಯೂ ಒಂದು ಗೊಂದಲ ಆಯಿತು: ಸಾಲದ ಹಣ ಸಾಮಾನ್ಯವಾಗಿ ನೇರ ಕಾಲೇಜಿಗೆ ಹೋಗುತ್ತದೆ, ಇಲ್ಲಿ ಕಾಲೇಜಿಗೆ ಕಟ್ಟಲು ಶುಲ್ಕವೇ ಇಲ್ಲವಲ್ಲ! ಜೀವನವೆಚ್ಚಕ್ಕೂ ಸಾಲ ಕೊಡಬಹುದು. ಬ್ಲಾಕ್ಡ್ ಅಕೌಂಟ್ ಸೇವಾದಾರರು ಕೊಡುವ, ಖಾತೆ ಸಂಖ್ಯೆ ಮತ್ತು ಇಡಬೇಕಾದ ಮೊತ್ತ ಬರೆದ ಪತ್ರವನ್ನೇ ಬೇಡಿಕೆ ಪತ್ರದಂತೆ ಲಗತ್ತಿಸಿದ ಮೇಲೆ ಕಡತ ಮುಂದೆ ಹೋಯಿತು.

ಉಳಿದ ನಾಲ್ಕೂವರೆ ಲಕ್ಷ, ಜೊತೆಗೆ ಟಿಕೆಟ್ಟು ಮತ್ತು ಕೈಖರ್ಚು. ಸ್ವಲ್ಪ ಉಳಿತಾಯ ಇತ್ತು, ಮಿಕ್ಕದ್ದು ಚಿನ್ನದ ಸಾಲ. ಇಲ್ಲಿ ಒಂದು ಕೊಡಗಿನದೇ ಸೂಕ್ಷ್ಮ ಇದೆ. ಅವ್ವ ತೆಗೆದುಕೊಂಡು ಹೋದದ್ದು ಕೊಡವರ ಕೊರಳ ಒಡವೆಗಳಾದ ಜೋಮಾಲೆ (ಚಿನ್ನದ ಗುಂಡಿನ ಸರ), ಪತ್ತಾಕ್ (ಪದಕದ ಸರ) ಮತ್ತು ನಾಲ್ಕು ಬಳೆ. ಚಿನ್ನ ನೋಡುವವರು ಜೋಮಾಲೆಯ ಒಂದು ಗುಂಡನ್ನು ಬೆರಳಲ್ಲಿ ತಿರುಗಿಸಿ, ‘ಅಕ್ಕ, ಇದರ ಒಳಗೆ ಅರಗು ಉಂಟು, ತೂಕ ಪೂರ್ತಿ ಹಿಡಿಯಲಿಕ್ಕೆ ಆಗುವುದಿಲ್ಲ’ ಎಂದರು. ಗುಂಡುಗಳ ಒಳಗಿನ ಅರಗು, ಪೋಣಿಸಿದ ದಾರ, ಪತ್ತಾಕಿನ ಕೆಂಪು ಕಲ್ಲು ಎಲ್ಲವನ್ನೂ ಕಳೆದು ನಿವ್ವಳ ಚಿನ್ನಕ್ಕಷ್ಟೇ ಬೆಲೆ. ಆಗ ಆ ನಿವ್ವಳ ಬೆಲೆಯ ಶೇ 75ರವರೆಗೆ ಮಾತ್ರ ಸಾಲ ಸಿಗುತ್ತಿತ್ತು. ಮನೆಯ ತಕ್ಕಡಿಯ ತೂಕ ನಂಬಿಕೊಂಡು ಐದು ಲಕ್ಷ ಅಂದುಕೊಂಡದ್ದು ನಾಲ್ಕಕ್ಕೆ ಇಳಿಯಿತು. ಮತ್ತೊಂದು ಜೊತೆ ಬಳೆ ತರಲು ಅವ್ವ ಅದೇ ದಿನ ಮಳೆಯಲ್ಲಿ ಮನೆಗೆ ಹೋಗಿ ಬಂದರು.

ಇಪ್ಪತ್ತೊಂದು ಯೂರೋ ಕಡಿಮೆ

ಹೊರದೇಶಕ್ಕೆ ಹಣ ಕಳಿಸುವ ಅಧಿಕಾರ ಎಲ್ಲ ಶಾಖೆಗೂ ಇಲ್ಲ. ಊರಿನ ಶಾಖೆಯಲ್ಲಿ ಎ2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಪ್ಯಾನ್, ಪಾಸ್‌ಪೋರ್ಟ್ ಪ್ರತಿ, ಪ್ರವೇಶಪತ್ರ ಕೊಟ್ಟರೆ ಕಡತ ಮೈಸೂರು ಅಥವಾ ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಗೆ ಹೋಗುತ್ತದೆ. ನಾಲ್ಕೈದು ಕೆಲಸದ ದಿನ ಇದಕ್ಕೇ ಬೇಕು.

ಹಣ ಎರಡು ಸಲ ಹೋಯಿತು, ಸಾಲದ್ದು ಒಮ್ಮೆ, ಸ್ವಂತದ್ದು ಒಮ್ಮೆ. ತೆರಿಗೆ ಸಂಗ್ರಹದ ವಿಷಯದಲ್ಲಿ ತೊಂದರೆ ಆಗಲಿಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ ಹತ್ತು ಲಕ್ಷದವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ, ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕಂತೂ ಇಲ್ಲವೇ ಇಲ್ಲ. ಎಡವಿದ್ದು ಚಿಕ್ಕ ಜಾಗದಲ್ಲಿ. ಫಾರ್ಮಿನಲ್ಲಿ ‘ಬ್ಯಾಂಕ್ ಶುಲ್ಕ ಯಾರದು’ ಎಂಬ ಸಾಲಿನಲ್ಲಿ ಮೂರು ಆಯ್ಕೆ ಇರುತ್ತದೆ: ಕಳಿಸುವವರದು, ಪಡೆಯುವವರದು, ಇಬ್ಬರೂ ಹಂಚಿಕೊಳ್ಳುವುದು. ಸಿಬ್ಬಂದಿ ರೂಢಿಯಂತೆ ಹಂಚಿಕೆಗೆ ಗುರುತು ಹಾಕಿದರು. ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕು ಎರಡೂ ಸಲ ತನ್ನ ಪಾಲು ಮುರಿದುಕೊಂಡಿತು. ಜರ್ಮನಿ ತಲುಪಿದಾಗ 21 ಯೂರೋ ಕಡಿಮೆ. ದೃಢೀಕರಣ ಪತ್ರ ಬರಲಿಲ್ಲ. ಆ 21 ಯೂರೋ ಕಳಿಸಲು ಮತ್ತೆ ಎ2 ಫಾರ್ಮ್, ಮತ್ತೆ ಐದು ದಿನ, ಕಳಿಸುವ ಶುಲ್ಕವೇ ಹೆಚ್ಚುಕಡಿಮೆ ಅಷ್ಟಾಯಿತು.

ಇದಕ್ಕೆ ಮದ್ದು ಸುಲಭ. ಶುಲ್ಕ ಕಳಿಸುವವರದೇ ಎಂದು ಬರೆಸಿ, ಸೇವಾದಾರರ ಶುಲ್ಕ ಸೇರಿಸಿದ ಮೊತ್ತಕ್ಕೆ 50 ಯೂರೋ ಹೆಚ್ಚಿಗೆ ಹಾಕಿ. ಹೆಚ್ಚಾದದ್ದು ಆಮೇಲೆ ವಾಪಸು ಬರುತ್ತದೆ. ಸೇವಾದಾರರು ಕೊಟ್ಟ ಉಲ್ಲೇಖ ಸಂಖ್ಯೆಯನ್ನು ವಿವರದ ಕಾಲಮ್ಮಿನಲ್ಲಿ ಬರೆಸಲು ಮರೆಯಬೇಡಿ, ಅಪ್ಪನ ಖಾತೆಯಿಂದ ಹೋದ ಹಣ ಮಗಳದೆಂದು ಅವರಿಗೆ ತಿಳಿಯುವುದು ಅದರಿಂದಲೇ.

ಮೂರು ಕಾಗದ, ಮೂರು ಹೆಸರು

ಇದು ಕೊಡವ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮನೆಹೆಸರಿನ ಮತ್ತು ಅಪ್ಪನ ಹೆಸರಿನ ಇನಿಶಿಯಲ್ ಇತ್ತು. ಪದವಿ ಪ್ರಮಾಣಪತ್ರದಲ್ಲಿ ಅವಳ ಹೆಸರು, ಹಿಂದೆ ಅಪ್ಪನ ಪೂರ್ತಿ ಹೆಸರು, ಮನೆಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗದಲ್ಲಿ ಮನೆಹೆಸರು, ಹೆಸರಿನ ಜಾಗದಲ್ಲಿ ಅವಳದು. ಅಪ್ಪನ ಹೆಸರು ಇಲ್ಲ. ನಮ್ಮಲ್ಲಿ ಮನೆಹೆಸರು ಹೇಳಿದರೆ ಒಕ್ಕ, ಊರು, ನಾಡು ಎಲ್ಲ ಹೇಳಿದಂತೆ. ಜರ್ಮನಿಯ ಗುಮಾಸ್ತರಿಗೆ ಮಾತ್ರ ಅದು ಮೂರು ಬೇರೆ ಬೇರೆ ಹುಡುಗಿಯರ ಹೆಸರಿನಂತೆ ಕಾಣುತ್ತದೆ.

ಎಪಿಎಸ್ ಸಮಯದಲ್ಲಿ, ಮೂರೂ ಹೆಸರು ಒಬ್ಬಳದೇ ಎಂಬ ನೋಟರಿ ಪ್ರಮಾಣಪತ್ರ ಕೊಟ್ಟು ದಾಟಿದ್ದಳು. ವಿಶ್ವವಿದ್ಯಾಲಯದ ಅರ್ಜಿಯನ್ನು ಮಾತ್ರ ಪದವಿಯ ಹೆಸರಿನಲ್ಲಿ ತುಂಬಿಬಿಟ್ಟಳು. ಪ್ರವೇಶಪತ್ರ ಒಂದು ಹೆಸರಿಗೆ, ಪಾಸ್‌ಪೋರ್ಟು, ಬ್ಲಾಕ್ಡ್ ಅಕೌಂಟು ಇನ್ನೊಂದಕ್ಕೆ. ಪತ್ರ ತಿದ್ದಿಸಲು ಒಂಬತ್ತು ದಿನ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಎರಡು ಸಾಲು ಇರುತ್ತದಲ್ಲ, ಅದರಲ್ಲಿರುವ ಹೆಸರನ್ನೇ, ಅದೇ ಅನುಕ್ರಮದಲ್ಲಿ, ಐಇಎಲ್‌ಟಿಎಸ್‌ನಿಂದ ವಿಮಾನದ ಟಿಕೆಟ್‌ವರೆಗೆ ಎಲ್ಲ ಕಡೆ ಬರೆಯಬೇಕು.

ಮಳೆ, ರಸ್ತೆ, ವೀಸಾ

ಜುಲೈ 31ಕ್ಕೆ ಜರ್ಮನಿಯ ಕಾನ್ಸುಲರ್ ಪೋರ್ಟಲ್‌ನಲ್ಲಿ ಅರ್ಜಿ ಏರಿಸಬೇಕಿತ್ತು. ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರಿನ ಡೀಸೆಲ್ ಮುಗಿದ ಮೇಲೆ ಮೊಬೈಲೂ ಸತ್ತಿತು. ಗೋಣಿಕೊಪ್ಪಲಿಗೆ ಹೋಗಿ ಸೈಬರ್ ಅಂಗಡಿಯಲ್ಲಿ ಕೂತು ಕೆಲಸ ಮುಗಿಸಿದಳು. ಕಾಗದಗಳ ಸ್ಕ್ಯಾನನ್ನು ಮೇ ತಿಂಗಳಲ್ಲೇ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದು ಕಾಪಾಡಿತು. ಕೊಡಗಿನಲ್ಲಿರುವವರು ಜೂನ್‌ನಿಂದ ಆಗಸ್ಟ್‌ವರೆಗಿನ ಯಾವ ಕಡೆಯ ದಿನಾಂಕವನ್ನೂ ಒಂದು ವಾರ ಮುಂಚೆಯೇ ಬಂತೆಂದು ತಿಳಿಯಬೇಕು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಆಗಸ್ಟ್ 19ಕ್ಕೆ ಕರೆ. ಹಿಂದಿನ ದಿನವೇ ಹೊರಟು ಹುಣಸೂರು, ಮೈಸೂರು ದಾರಿಯಲ್ಲಿ ಹೋಗಿ ಉಳಿದುಕೊಂಡಳು. ವೀಸಾ ಶುಲ್ಕ 75 ಯೂರೋಗೆ ಸಮನಾದ ರೂಪಾಯಿ. ಇಲ್ಲಿ ಒಂದು ಬದಲಾವಣೆ ಎಲ್ಲರೂ ತಿಳಿದಿರಬೇಕಾದ್ದು: ವೀಸಾ ನಿರಾಕರಿಸಿದರೆ ಉಚಿತವಾಗಿ ಮರುಪರಿಶೀಲನೆ ಕೇಳುವ ಅವಕಾಶವನ್ನು ಜರ್ಮನಿ 2025ರ ಜುಲೈ 1ರಿಂದ ತೆಗೆದುಹಾಕಿದೆ. ಈಗ ಉಳಿದಿರುವುದು ಹೊಸ ಅರ್ಜಿ, ಇಲ್ಲವೇ ಬರ್ಲಿನ್ನಿನಲ್ಲಿ ದಾವೆ. ಹಾಗಾಗಿ ಮೊದಲ ಅರ್ಜಿಯೇ ಸರಿಯಾಗಿರಬೇಕು. ಅವಳ ಕಡತದಲ್ಲಿ ಹೆಸರಿನ ಪ್ರಮಾಣಪತ್ರವೂ, ಪದವಿ ಮುಗಿಸಿದ ಮೇಲಿನ ಒಂದು ವರ್ಷ ಏನು ಮಾಡಿದಳೆಂಬ ವಿವರವೂ ಇದ್ದವು. ಸೆಪ್ಟೆಂಬರ್ 18ಕ್ಕೆ ವೀಸಾ ಬಂತು. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ಎರಡು ವಾರ ಆಗಿತ್ತು.

ಪೆಟ್ಟಿಗೆಯಲ್ಲಿ ಏನಿತ್ತು

ಒಂದೂವರೆ ಕಿಲೋ ಒಣಗಿಸಿದ ಹಂದಿಮಾಂಸ, ಅರ್ಧ ಕಿಲೋ ತುಪ್ಪ, ಒಂದು ಕಿಲೋ ಜೇನು, ಎರಡು ಬಾಟಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಎರಡು ಕಿಲೋ ಕಾಫಿಪುಡಿ, ಕರಿಮೆಣಸು, ಬಿದಿರುಕಣಿಲೆ ಉಪ್ಪಿನಕಾಯಿ. ಅವ್ವ ಪ್ರೀತಿಯಿಂದ ಕಟ್ಟಿದ್ದು.

ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಯಾವುದನ್ನೂ ಸ್ವಂತಕ್ಕೆಂದೂ ತರುವಂತಿಲ್ಲ. ಪ್ರಾಣಿರೋಗ ಹರಡುತ್ತದೆಂಬ ಭಯ ಅದಕ್ಕೆ ಕಾರಣ. ಸ್ಯಾಕ್ಸನಿಯ ಕಾಡುಹಂದಿಗಳಲ್ಲಿ 2020ರಲ್ಲೇ ಆಫ್ರಿಕನ್ ಹಂದಿಜ್ವರ ಕಂಡಿತ್ತು, ಹಂದಿಮಾಂಸದ ವಿಷಯದಲ್ಲಿ ಅವರ ಎಚ್ಚರಿಕೆ ಸುಮ್ಮನೆ ಅಲ್ಲ. ಅವಳು ಫ್ರಾಂಕ್‌ಫರ್ಟಿನ ಸುಂಕದ ತಪಾಸಣೆಯಲ್ಲಿ, ಏನೂ ತಿಳಿಸಬೇಕಿಲ್ಲದವರ ಹಸಿರು ದಾರಿಯಲ್ಲಿ ನುಸುಳದೆ ಕೆಂಪು ದಾರಿಗೆ ಹೋಗಿ ತಾನೇ ಹೇಳಿದಳು. ಮಾಂಸ, ತುಪ್ಪ ಎರಡನ್ನೂ ತೆಗೆದುಕೊಂಡು, ದಂಡ ಹಾಕದೆ ಬಿಟ್ಟರು. ಹೇಳದೆ ಸಿಕ್ಕಿಬಿದ್ದಿದ್ದರೆ ಹಾಗಾಗುತ್ತಿರಲಿಲ್ಲ. ಜೇನು ಎರಡು ಕಿಲೋದವರೆಗೆ ನಡೆಯುತ್ತದೆ. ಕಾಫಿಪುಡಿ, ಮೆಣಸು, ಕಾಚಂಪುಳಿಗೆ ಅಡ್ಡಿಯಿಲ್ಲ; ವಿಮಾನದಲ್ಲಿ ಬರುವವರು ತರುವ ಇಂಥ ವಸ್ತುಗಳ ಒಟ್ಟು ಬೆಲೆ 430 ಯೂರೋ ಮೀರಬಾರದು ಅಷ್ಟೆ. ಕೊಡಗಿನ ಕಿತ್ತಳೆ ಒಯ್ಯಬೇಡಿ, ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾಚಂಪುಳಿ ಬಾಟಲಿಯ ಬಿರಡೆಗೆ ಮೇಣ ಹಾಕಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ. ಅದು ಸೋರಿದರೆ ಬಟ್ಟೆಯ ಕಪ್ಪು ಕಲೆ ಹೋಗುವುದಿಲ್ಲ.

ಅಲ್ಲಿಯ ಮೊದಲ ಆರು ವಾರ

ಸೆಪ್ಟೆಂಬರ್ 24ಕ್ಕೆ ಇಳಿದವಳಿಗೆ ಹಾಸ್ಟೆಲ್ ಕೋಣೆ ಸಿಕ್ಕಿರಲಿಲ್ಲ. ಅಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಪಳಿ ಇದೆ. ವಾಸ ಶುರುಮಾಡಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದು ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರ ಸಹಿಯ ದೃಢೀಕರಣ ಬೇಕು. ನೋಂದಣಿ ಇಲ್ಲದೆ ಅವಳು ಕೇಳಿದ ಬ್ಯಾಂಕುಗಳು ಖಾತೆ ತೆರೆಯಲಿಲ್ಲ. ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನ 992 ಯೂರೋ ಬರುವುದಿಲ್ಲ. ಹನ್ನೆರಡು ಲಕ್ಷ ತನ್ನ ಹೆಸರಿನಲ್ಲಿದ್ದೂ ಕೈಗೆ ಸಿಗದ ಸ್ಥಿತಿ.

ಅವಳು ಇಳಿದುಕೊಂಡಿದ್ದ ಪ್ರವಾಸಿ ಹಾಸ್ಟೆಲಿನವರು ಆ ದೃಢೀಕರಣ ಕೊಡುವುದಿಲ್ಲ. ಮನೆ ಹುಡುಕುವಾಗ ಒಂದು ಜಾಹೀರಾತು ಸಿಕ್ಕಿತು: ಚಂದದ ಕೋಣೆ, ಕಡಿಮೆ ಬಾಡಿಗೆ, ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, 900 ಯೂರೋ ಮುಂಗಡ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ‘ಹಣ ಹಾಕುವ ಮೊದಲು ನೋಂದಣಿಗೆ ಬೇಕಾದ ದೃಢೀಕರಣ ಪತ್ರದ ಪ್ರತಿ ಕಳಿಸಿ’ ಎಂದು ಕೇಳಿದಳು. ಮತ್ತೆ ಉತ್ತರ ಬರಲಿಲ್ಲ. ಮೋಸವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕಣ್ಣಾರೆ ಕಾಣದ ಕೋಣೆಗೆ ಒಂದು ಯೂರೋ ಕೂಡ ಕೊಡಬಾರದು, ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬಾರದು.

ಹದಿನಾರು ರಾತ್ರಿಯ ನಂತರ, ಅಕ್ಟೋಬರ್ 10ಕ್ಕೆ, ಆರು ತಿಂಗಳಿಗೆ ಹೊರಗೆ ಹೋಗುತ್ತಿದ್ದ ವಿದ್ಯಾರ್ಥಿಯೊಬ್ಬನ ಕೋಣೆ ಉಪಬಾಡಿಗೆಗೆ ಸಿಕ್ಕಿತು, ದೃಢೀಕರಣ ಸಮೇತ. 16ಕ್ಕೆ ನೋಂದಣಿ, ಮರುವಾರ ಖಾತೆ, ನವೆಂಬರ್ 3ಕ್ಕೆ ಮೊದಲ 992 ಯೂರೋ. ಅಲ್ಲಿಯವರೆಗೆ ಆದ ಖರ್ಚು: ಪ್ರವಾಸಿ ಹಾಸ್ಟೆಲು 512, ಮುಂಗಡ 480 (ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅವಳದು ಎರಡು ತಿಂಗಳದ್ದು), ಮೊದಲ ಬಾಡಿಗೆ 290, ಸೆಮಿಸ್ಟರ್ ವಂತಿಗೆ 300, ಆರೋಗ್ಯ ವಿಮೆ 145, ಊಟ ಮತ್ತು ಫೋನು 260. ಒಟ್ಟು 1,987 ಯೂರೋ. ಫಾರೆಕ್ಸ್ ಕಾರ್ಡಿನಲ್ಲಿ 2,000, ನಗದು 200 ಒಯ್ದಿದ್ದರಿಂದ ಉಳಿದುಕೊಂಡಳು. ಬ್ಲಾಕ್ಡ್ ಅಕೌಂಟ್ ಹೊರತಾಗಿ ಕೈಯಲ್ಲಿ 2,000 ಯೂರೋ ಇಲ್ಲದೆ ಹೊರಡಬೇಡಿ.

ಕೆಲಸದ ವಿಷಯ ಚುಟುಕಾಗಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ, ಮಿನಿಜಾಬ್ (ಕಡಿಮೆ ಗಳಿಕೆಯ ಅರೆಕಾಲಿಕ ಕೆಲಸ) ಗಳಿಕೆಯ ಮಿತಿ ತಿಂಗಳಿಗೆ 556. ಅಂದರೆ ತಿಂಗಳಿಗೆ 43 ಗಂಟೆ. ಡಿಸೆಂಬರಿನಲ್ಲಿ ಅವಳಿಗೆ ಒಂದು ಬೇಕರಿಯಲ್ಲಿ ವಾರಾಂತ್ಯದ ಕೆಲಸ ಸಿಕ್ಕಿತು. ಈ ದುಡ್ಡನ್ನು ನಂಬಿ ಬ್ಲಾಕ್ಡ್ ಅಕೌಂಟಿಗೆ ಸಾಲ ಎತ್ತುವುದು ತಪ್ಪು ಲೆಕ್ಕ. ಮೊದಲ ಸೆಮಿಸ್ಟರಿನಲ್ಲಿ ಕೆಲಸ ಸಿಗುವ ಹೊತ್ತಿಗೆ ಪರೀಕ್ಷೆ ಎದುರಿಗಿರುತ್ತದೆ.

ಎರಡನೇ ವರ್ಷದ ನಿವಾಸ ಪರವಾನಗಿಗೆ ಜೀವನವೆಚ್ಚದ ಪುರಾವೆ ಮತ್ತೆ ಕೊಡಬೇಕಾಗುತ್ತದೆ. ಈ ಸಲ ಮನೆಯವರು ಫೆಬ್ರುವರಿಯ ಮೊದಲ ಲೋಡ್ ಚೆರಿ ಮಾರಿದ ದಿನವೇ ಅದಕ್ಕೊಂದು ಬೇರೆ ಖಾತೆ ಮಾಡಿದರು. ಸಹಕಾರ ಸಂಘದಿಂದ ತೀರುವಳಿ ಪತ್ರ ತಂದು ಪಹಣಿಯ ಹನ್ನೊಂದನೇ ಕಾಲಮ್ಮಿನ ಋಣ ತೆಗೆಸಲು ಅರ್ಜಿ ಕೊಟ್ಟಿದ್ದಾರೆ. ಒಳಪಾಲಿನ ವಿಭಾಗಪತ್ರಕ್ಕೆ ಒಕ್ಕದವರನ್ನು ಕೂರಿಸಿ ಮಾತಾಡಿದ್ದಾಗಿದೆ, ಬೆಂಗಳೂರಿನ ಇಬ್ಬರ ಸಹಿ ಬಾಕಿ. ಮೆಣಸು ಮಾರಿದ ದುಡ್ಡಿನಲ್ಲಿ ಬಳೆಗಳನ್ನು ಬಿಡಿಸಿಕೊಂಡರು. ಜೋಮಾಲೆ ಇನ್ನೂ ಬ್ಯಾಂಕಿನಲ್ಲಿದೆ.